ಅತ್ತೆಯ ಸೈಕಲ್ಲು ಯಾವ ಕಂಪನಿಯದು

ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಥಿನ್ನರ್ ವಾಸನೆ ಹುಣಸೂರಿನ ನಮ್ಮ ಬೀದಿಯನ್ನೆಲ್ಲ ತುಂಬಿ, ನನ್ನ ಅಡುಗೆಮನೆಗೂ ನುಗ್ಗಿದೆ. ಬೇರೆಯವರಿಗೆ ಈ ವಾಸನೆಯಿಂದ ತಲೆನೋವು ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಯಾಕೆಂದು ಹೇಳಿಬಿಡುತ್ತೇನೆ ಕೇಳಿ. ನೀವೇನೂ ಗಡಿಬಿಡಿಯಲ್ಲಿರುವ ಹಾಗೆ ಕಾಣುವುದಿಲ್ಲ.

ನಮ್ಮಣ್ಣ ಎಚ್.ಡಿ. ಕೋಟೆಯ ಕಡೆ ಹಿನ್ನೀರಿನ ಹತ್ತಿರ ಹೋಂಸ್ಟೇ ಮಾಡಿದ್ದಾನೆ. ಒರಳು, ಬೀಸುಕಲ್ಲು, ನೊಗ, ಹೀಗೆ ನಾವು ಬೇಡವೆಂದು ಹಿತ್ತಲಿಗೆ ಎಸೆದದ್ದೆಲ್ಲ ಅಲ್ಲಿ ಗೋಡೆಗೊರಗಿ ಮರ್ಯಾದೆ ಪಡೆಯುತ್ತಿವೆ. ಕಳೆದ ಬೇಸಿಗೆಯಲ್ಲಿ ತಾತನ ಸೈಕಲ್ಲಿನ ಫ್ರೇಮೂ ಅಲ್ಲಿಗೆ ಹೋಯಿತು. ಚಕ್ರ, ಸೀಟು ಯಾವತ್ತೋ ಕಳಚಿಹೋಗಿದ್ದವು. ಅದು ಇಂಗ್ಲೆಂಡಿನದು, ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತಾತನಿಗೆ ಕೊಟ್ಟದ್ದು ಎಂಬುದು ನಮ್ಮ ಮನೆಯ ಹಳೇ ಜಂಬ. ಕಂಪನಿಯ ಹೆಸರು ತಿಳಿದರೆ ಬೋರ್ಡು ಬರೆಸಿ ಬಾಗಿಲಲ್ಲೇ ತೂಗುಹಾಕಬೇಕೆಂದು ಅಣ್ಣನ ಆಸೆ. ಅದಕ್ಕಾಗಿ ಹಳೆಯ ಸೈಕಲ್ಲುಗಳ ವಿಷಯ ಬಲ್ಲವರೊಬ್ಬರನ್ನು ಮೈಸೂರಿನಿಂದ ಕರೆಸಿದ. ಜಂಬದಲ್ಲಿ ನನ್ನದೂ ಪಾಲಿತ್ತಲ್ಲ, ನಾನೂ ಹೋದೆ.

ಗುರುತು ಸಿಕ್ಕಬೇಕಾದರೆ ಮೊದಲು ಬಣ್ಣ ಹೋಗಬೇಕು. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಮುಂಚೆ ಬಾಗಿಲಿಗೆ ಬಣ್ಣ ಹೊಡೆದು, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಸೈಕಲ್ಲಿಗೆ ಬಳಿಯುವುದು ವಾಡಿಕೆ. ಥಿನ್ನರ್ ಹಚ್ಚಿ ಉಪ್ಪುಕಾಗದದಿಂದ ಉಜ್ಜಿದ ಹಾಗೆಲ್ಲ ನಮ್ಮ ಹಳೇ ಬಾಗಿಲುಗಳು ಒಂದೊಂದಾಗಿ ಹೊರಗೆ ಬಂದವು. ಹಸಿರು, ಅದರಡಿ ಕಾವಿ, ಅದರಡಿ ನಾನು ಹಟ ಹಿಡಿದು ತರಿಸಿದ್ದ ಘೋರವಾದ ಗುಲಾಬಿ. ಕೊನೆಗೆ ಉಕ್ಕು ಕಂಡಿತು. ಜೊತೆಗೆ ಹಳದಿ ಗೆರೆಯೊಂದು ಕಂಡಿತು, ಹಿತ್ತಾಳೆಯ ಬೆಸುಗೆ. ಸೀಟಿನ ಕೆಳಗೆ ನಂಬರಿರಬೇಕಾದ ಜಾಗವನ್ನು ಬೆಸುಗೆ ಹಾಕುವಾಗ ಯಾರೋ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು.

"ಇದು ಗಂಡಸರ ಸೈಕಲ್ ಸಾರ್. ಮೇಲಿನ ಬಾರ್ ಕುಯ್ದು, ಬೇರೆ ಪೈಪನ್ನ ಇಳಿಜಾರಾಗಿ ಬೆಸೆದಿದ್ದಾರೆ," ಎಂದರು ಬಂದವರು. "ಕಂಪನಿ ಹೇಳೋಕಾಗಲ್ಲ. ಇಂಗ್ಲೆಂಡಿನದು ಅನ್ನೋಕೂ ಗುರುತಿಲ್ಲ. ಯಾರು ಇದನ್ನ ಹಾಳು ಮಾಡಿದ್ದು?"

"ಯಾವನೋ ಗುಜರಿಯವನಿರ್ಬೇಕು," ಎಂದ ಅಣ್ಣ.

ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾಡಿಸಿದ್ದು ನಮ್ಮ ಸೋದರತ್ತೆ ಪುಟ್ಟತಾಯಮ್ಮ. ಗಂಡನ ಮನೆ ಸಾಕೆಂದು ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ವಾಪಸು ಬಂದು, ಹೊಗೆಸೊಪ್ಪಿನ ಕಾಲದಲ್ಲಿ ಊರೂರಿಗೆ ಹೋಗಿ ಸೊಪ್ಪು ಕಟ್ಟುವ ಕೆಲಸ ಮಾಡುತ್ತಿದ್ದವಳು. ತಾತ ತೀರಿಕೊಂಡ ಮೇಲೆ ಸೈಕಲ್ಲು ಸುಮ್ಮನೆ ನಿಂತಿತ್ತು. ಆದರೆ ಸೀರೆ ಉಟ್ಟು ಆ ಎತ್ತರದ ಬಾರ್ ದಾಟುವುದು ಹೇಗೆ? ಒಂದು ದಿನ ನನ್ನನ್ನೂ ಕರೆದುಕೊಂಡು, ಸೈಕಲ್ಲನ್ನು ಬೆಸುಗೆ ಅಂಗಡಿಗೆ ತಳ್ಳಿಕೊಂಡು ಹೋದಳು. ಅಂಗಡಿಯವನ ಮುಂದೆ ಸೀರೆಯಲ್ಲೇ ಕಾಲೆತ್ತಿ ತೋರಿಸಿ, ಸೀಮೆಸುಣ್ಣದಲ್ಲಿ ತಾನೇ ಗೆರೆ ಎಳೆದಳು. "ನನ್ ಕಾಲು ಇಷ್ಟೇ ಏಳಾದು ಕಣಪ್ಪ. ಇಲ್ಲಿಗಂಟ ಇಳ್ಸು."

ಅತ್ತೆ ಅದನ್ನು ತುಳಿದುಕೊಂಡು ಊರೊಳಗೆ ಬಂದಾಗ ಜಗುಲಿಯ ಮೇಲಿನ ಗಂಡಸರು ಬಿದ್ದು ಬಿದ್ದು ನಕ್ಕರು. "ಗಂಡ್ ಸೈಕಲ್ಗೆ ಸೀರೆ ಉಡ್ಸವ್ಳೆ ಕಣ್ಲಾ!" ಅತ್ತೆ ಬ್ರೇಕು ಹಿಡಿದು, ಒಂದು ಕಾಲೂರಿ ನಿಂತಳು. "ನಾನ್ ಸೀರೆ ಬುಡಾಕಾಯ್ತದಾ? ಅದ್ಕೇ ಅದು ಬಾರ್ ಬುಡ್ತು," ಎಂದವಳೇ ಹೊರಟುಹೋದಳು. ಕುಯ್ದ ಬಾರ್ ಕೂಡ ದಂಡವಾಗಲಿಲ್ಲ, ನಮ್ಮ ಒಲೆಯ ಊದುಗೊಳವೆಯಾಯಿತು. ಅಣ್ಣ ಕಾಲು ಮುರಿದುಕೊಂಡಾಗ ಹೈಸ್ಕೂಲಿಗೆ ಹೋದದ್ದು ಇದೇ ಸೈಕಲ್ಲಿನ ಕ್ಯಾರಿಯರ್ ಮೇಲೆ, ಅತ್ತೆಯ ಸೊಂಟ ಹಿಡಿದುಕೊಂಡು.

ಆ ಅಣ್ಣ ಈಗ ಬಂದವರನ್ನು ಕೇಳುತ್ತಿದ್ದ: "ಬಾರ್ ಮೊದ್ಲಿನಂಗೆ ನೇರ ಮಾಡ್ಸಿ, ಒಂದು ಇಂಗ್ಲೀಷ್ ಬಿಲ್ಲೆ ಅಂಟ್ಸುದ್ರೆ ಯಾರ್ಗೆ ಗೊತ್ತಾಯ್ತದೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಅತ್ತೆ ಸತ್ತ ದಿನವೂ ಅಷ್ಟು ಬಂದಿರಲಿಲ್ಲ. ಅವಳು ಬದುಕಿದ್ದಕ್ಕೆ ಉಳಿದಿದ್ದ ಗುರುತು ಆ ಇಳಿಜಾರು ಪೈಪು ಒಂದೇ.

"ಹಳೇ ಬಾರ್ ಬೇಕಾ ಅಣ್ಣ? ಅದ್ರಲ್ಲಿ ಊದಿದ ಒಲೆಯ ಮುದ್ದೆ ನೀನೂ ಉಂಡಿದೀಯ. ತಾತ ಇದನ್ನ ಹತ್ತಿದ ಅಷ್ಟೆ. ಮಾಡಿದ್ದು ಅತ್ತೆ."

"ಸುಮ್ನಿರು ಕಣೇ, ಬಂದೋರ ಮುಂದೆ..."

ಸುಮ್ಮನಿರಲಿಲ್ಲ. ಫ್ರೇಮನ್ನು ಹೆಗಲಿಗೇರಿಸಿಕೊಂಡು ಹೋಗಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಅದನ್ನು ಕೂರಿಸಿ, ನಾನು ತುದಿಯಲ್ಲಿ ಕೂತೆ. ಕಂಡಕ್ಟರ್ ನನ್ನ ಮುಖ ನೋಡಿ, ಅದಕ್ಕೂ ಒಂದು ಟಿಕೆಟ್ ಹರಿದುಕೊಟ್ಟ.

ಈಗ ಅದಕ್ಕೆ ಚಕ್ರ ಹಾಕಿಸಿದ್ದೇನೆ. ಬಣ್ಣ ಬೇಡವೆಂದೆ. ವಾರಕ್ಕೊಮ್ಮೆ ಎಣ್ಣೆ ಒರೆಸುತ್ತೇನೆ, ಬೆಸುಗೆ ಎಲ್ಲರಿಗೂ ಕಾಣಲಿ. ತಮಾಷೆಯೆಂದರೆ ನನಗೆ ಸೈಕಲ್ ತುಳಿಯಲು ಬಾರದು. ಅತ್ತೆ ಇದ್ದಷ್ಟು ದಿನ ಹಿಂದೆ ಕೂತೇ ಕಾಲ ಕಳೆದೆ. ರಿಟೈರಾದ ಮೇಲೆ ಕಲಿಯಲು ಹೊರಟವಳ ಮೊಣಕಾಲುಗಳನ್ನು ನೀವು ನೋಡಬಾರದು. ಆದರೂ ನಿನ್ನೆ ಸಂಜೆ ಸೀರೆಯಲ್ಲೇ ಹತ್ತಿ ಬೀದಿಗಿಳಿದೆ. ಹ್ಯಾಂಡಲ್ಲು ತನಗೆ ಬೇಕಾದ ಕಡೆ ತಿರುಗುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತಿದ್ದವರು ಗೊಳ್ಳೆಂದು ನಕ್ಕರು. ಒಬ್ಬ ಕೂಗಿ ಕೇಳಿದ, "ಯಾವ್ ಕಂಪ್ನಿದಕ್ಕ ಇದು?"

"ನಮ್ಮತ್ತೇದು ಕಣ್ರಪ್ಪ! ದಾರಿ ಬುಡ್ರಿ, ನಂಗೆ ಬ್ರೇಕ್ ಇಡಿಯಾಕೆ ಇನ್ನೂ ಬರಾಕಿಲ್ಲ!"