ಪಾಂಡುವಿನ ಮೂಗು, ರತೀಶನ ಕಪ್ಪು ಬಿಯರು

ಕುಂದಾಪುರದ ಕೋಡಿಯ ಪಾಂಡುವಿಗೆ ಮೂಗೇ ಅನ್ನ ಹಾಕುವುದು ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಮಾತು ಸುಳ್ಳಲ್ಲ. ಬ್ರಹ್ಮಾವರದ ಆಚೆ ಹೆದ್ದಾರಿ ಬದಿಯಲ್ಲಿ, ಅಲ್ಲೇ ಬಿಯರು ಮಾಡಿ ಅಲ್ಲೇ ಬಡಿಸುವ ರತೀಶನ ಜಾಗದಲ್ಲಿ ಪಾಂಡುವಿಗೆ ಸಂಬಳ ಕೊಡುತ್ತಿದ್ದದ್ದು ಹೊರುವುದಕ್ಕಲ್ಲ, ತೊಳೆಯುವುದಕ್ಕಲ್ಲ, ಮೂಸುವುದಕ್ಕೆ. ಹೊಸದಾಗಿ ಇಳಿಸಿದ ಬಿಯರನ್ನು ಅವನು ಮೂಸಿ, ಒಂದು ಗುಟುಕು ಕುಡಿದು "ಅಡ್ಡಿಲ್ಲೆ" ಅಂದ ಮೇಲೆಯೇ ಅದು ಗಿರಾಕಿಯ ಗ್ಲಾಸಿಗೆ ಬೀಳುತ್ತಿತ್ತು. ಮೊಗವೀರರ ಮನೆಯಲ್ಲಿ ಹುಟ್ಟಿ ಬಲೆ ಹಿಡಿಯದೆ ಗ್ಲಾಸು ಹಿಡಿದವನು ಎಂದು ಅಣ್ಣ ಹಂಗಿಸಿದರೆ ಪಾಂಡು ನಕ್ಕುಬಿಡುತ್ತಿದ್ದ. ಆಗ ನಗುವುದಕ್ಕೆ ಅವನಿಗೆ ಧೈರ್ಯವಿತ್ತು.

ಈ ವಿದ್ಯೆ ಕಲಿತದ್ದು ಮುಂಬೈಯಲ್ಲಿ. ಮೀಸೆ ಮೂಡುವ ಮೊದಲೇ ಹೋಟೆಲಿಗೆಂದು ಹೋದವನು ಹೋಟೆಲಿನಿಂದ ಬಾರಿಗೆ, ಬಾರಿನಿಂದ ಬಿಯರು ಮಾಡುವ ಕಾರ್ಖಾನೆಗೆ ದಾಟಿದ. ಅಲ್ಲಿದ್ದ ಪಾರ್ಸಿ ಮುದುಕನೊಬ್ಬ ಒಂದು ದಿನ ಕಾಡಿಗೆಯಷ್ಟು ಕಪ್ಪಗಿದ್ದ ಬಿಯರನ್ನು ಅವನ ಕೈಗೆ ಕೊಟ್ಟ. ಅದರ ಹೆಸರು ಸ್ಟೌಟ್. ದಪ್ಪಗೆ, ಖಡಕ್ಕಾಗಿ, ಒಂದೇ ಗ್ಲಾಸಿಗೆ ಮೊಣಕಾಲು ಸಡಿಲವಾಗುವಂಥದ್ದು. ಗಟಗಟ ಎತ್ತಲು ಹೊರಟ ಪಾಂಡುವಿನ ಮಣಿಕಟ್ಟು ಹಿಡಿದು ಮುದುಕ ತಡೆದ. ಐಸಿನ ಹಾಗೆ ತಣ್ಣಗಿದ್ದರೆ ಇದರ ರುಚಿ ತಿಳಿಯುವುದಿಲ್ಲ, ಅಂಗೈಯಲ್ಲಿ ಹಿಡಿದು ತುಸು ಬೆಚ್ಚಗಾಗಲು ಬಿಡು, ಮೊದಲು ಮೂಸು, ಒಂದು ಗುಟುಕನ್ನು ನಾಲಗೆಯ ಮೇಲೆ ಕೂರಿಸು, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡು ಎಂದ. ಪಾಂಡು ಹಾಗೇ ಮಾಡಿದ. ಉಸಿರಿನ ಜೊತೆ ಮೊದಲು ಕಾಫಿ ಬಂತು, ಆಮೇಲೆ ಸೀದ ಬೆಲ್ಲ, ಅದರ ಹಿಂದೆ ಗಂಜಿ ಇಳಿಸಿದ ಒಲೆಯಲ್ಲಿ ಉಳಿಯುವ ತೆಂಗಿನ ಗೆರಟೆಯ ಕೆಂಡದ ವಾಸನೆ. ಪರವೂರಿನಲ್ಲಿ ನಿಂತವನಿಗೆ ಕೋಡಿಯ ಮನೆಯ ಅಡುಗೆಕೋಣೆ ಕಣ್ಣೆದುರು ಬಂತು, ಅಮ್ಮ ಬಂದಳು, ಅಳು ಬಂತು. ಪಾಂಡುವಿಗೆ ಏರಿತು ಎಂದು ಜೊತೆಯವರು ನಕ್ಕರು.

ಊರಿಗೆ ಮರಳಿ ರತೀಶನಲ್ಲಿ ಸೇರಿದ ಮೇಲೆ ಅವನು ಹಟ ಹಿಡಿದು ಮಾಡಿಸಿದ್ದು ಆ ಕಪ್ಪು ಬಿಯರನ್ನೇ. ಅದಕ್ಕೆ ಬೇಕಾದ ಬಾರ್ಲಿಯನ್ನು ಹುರಿದು ಕೊಡುವವರು ಬೇಕಾದಷ್ಟು ಮಂದಿ ಇದ್ದರು, ಪಾಂಡು ಒಪ್ಪಲಿಲ್ಲ. ಮನೆಯ ಹಿತ್ತಿಲಲ್ಲಿ ಗೆರಟೆಯ ಬೆಂಕಿ ಹಾಕಿ, ದೊಡ್ಡ ಮಣ್ಣಿನ ಬಾಣಲೆಯಲ್ಲಿ ತಾನೇ ಹುರಿದು, ಚೀಲ ಕಟ್ಟಿ ಬಸ್ಸಿನಲ್ಲಿ ಒಯ್ಯುತ್ತಿದ್ದ. ಮಂಗಳೂರಿನಿಂದಲೂ ಜನ ಅದಕ್ಕೆಂದೇ ಬರತೊಡಗಿದಾಗ ರತೀಶ ಬಾಗಿಲ ಹಲಗೆಯ ಮೇಲೆ 'ಪಾಂಡಣ್ಣನ ಸ್ಟೌಟ್' ಎಂದು ಬರೆಸಿದ. ತನ್ನ ಹೆಸರನ್ನು ಓದಲೆಂದೇ ಪಾಂಡು ಒಂದು ಸ್ಟಾಪು ಮೊದಲೇ ಇಳಿದು ನಡೆದು ಬರುತ್ತಿದ್ದ.

ಈ ವರ್ಷ ಮಳೆ ಹಿಡಿದ ಹೊಸತರಲ್ಲಿ ಒಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ಮೂಗನ್ನೂ ಗಂಟು ಕಟ್ಟಿಕೊಂಡು ಹೋಯಿತು. ಕರಿಬೇವು ಮೂಸಿದರೆ ಎಲೆ, ಮಲ್ಲಿಗೆ ಮೂಸಿದರೆ ದಾರ. ವಾಸನೆ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಕೈ ತೊಳೆದುಕೊಂಡರು. ಪಾಂಡು ಯಾರಿಗೂ ಹೇಳಲಿಲ್ಲ, ಹೆಂಡತಿ ಜಲಜಳಿಗೂ. ಅವಳು ಕುಂದಾಪುರದ ಮೀನುಪೇಟೆಯಲ್ಲಿ ಕೂತು ಮಾರುವವಳು. ಅಲ್ಲಿ ಆಡಿದ ಮಾತು ಅವನಿಗಿಂತ ಮೊದಲು ಬ್ರಹ್ಮಾವರ ಸೇರುತ್ತದೆ ಎಂಬುದು ಒಂದು ನೆಪ. ನಿಜವೇನೆಂದರೆ, ಮೂಗಿಲ್ಲದ ಪಾಂಡು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ, ಮತ್ತು ಅದನ್ನು ನೆನೆದರೆ ಅವನಿಗೆ ವಿಪರೀತ ಹೆದರಿಕೆಯಾಗುತ್ತಿತ್ತು.

ಹಾಗಾಗಿ ನಾಟಕ ಶುರುವಾಯಿತು. ಕಹಿ, ಸಿಹಿ, ಹುಳಿ ನಾಲಗೆಗೆ ಇನ್ನೂ ಸಿಗುತ್ತಿದ್ದವು. ಉಳಿದದ್ದನ್ನು ಹಳೆಯ ನೆನಪಿನಿಂದ ಹೇಳುತ್ತಿದ್ದ. ಯಾರಾದರೂ ಎಂಥದೋ ವಾಸನೆ ಅಂದರೆ "ಹೌದೌದು" ಅನ್ನುತ್ತಿದ್ದ. ಕೆಲವು ತಿಂಗಳು ಇದು ಚೆನ್ನಾಗಿಯೇ ನಡೆಯಿತು, ಅದೇ ಅವನ ಗ್ರಹಚಾರ.

ದೀಪಾವಳಿಗೆ ಮುಂಚೆ ರತೀಶ ಹೊಸ ಸ್ಟೌಟ್ ಇಳಿಸಿ, ರುಚಿ ಬಲ್ಲ ನಾಲ್ಕು ಜನರನ್ನು ಕರೆಸಬೇಕೆಂದು ನಿಶ್ಚಯಿಸಿದ. ಪಾಂಡು ಬಾರ್ಲಿ ಹುರಿಯಲು ಅಟ್ಟದಿಂದ ಬಾಣಲೆ ಇಳಿಸಿದ. ಅಟ್ಟದಲ್ಲಿ ಒಬ್ಬನೇ ಕುಂಬಾರ ಮಾಡಿದ, ಒಂದೇ ಅಳತೆಯ ಎರಡು ಬಾಣಲೆಗಳಿದ್ದವು. ಒಂದು ಬಾರ್ಲಿಯದು. ಇನ್ನೊಂದರಲ್ಲಿ ಜಲಜ ಚಟ್ನಿಗೆಂದು ಒಣ ಚಟ್ಲಿ, ಅಂದರೆ ಒಣಗಿಸಿದ ಸಿಗಡಿ, ಹುರಿಯುತ್ತಿದ್ದಳು. ಮಸಿ ಹಿಡಿದು ಎರಡೂ ಒಂದೇ ತರ. ಯಾವುದು ಯಾವುದೆಂದು ಪಾಂಡು ಯಾವತ್ತೂ ಕಣ್ಣಿನಿಂದ ನೋಡಿದವನಲ್ಲ, ಒಮ್ಮೆ ಮೂಗು ಇಟ್ಟರೆ ಮುಗಿಯಿತು. ಆ ದಿನವೂ ಅಭ್ಯಾಸಬಲದಿಂದ ಮೂಗು ಇಟ್ಟ. ಒಂದು ಮಣ್ಣು, ಇನ್ನೊಂದೂ ಮಣ್ಣು. ಯಾವಾಗಲೂ ಬಾರ್ಲಿಯದ್ದನ್ನೇ ಈಚೆ ಇಡುವುದು ಎಂದುಕೊಂಡು ಈಚೆಯದನ್ನು ಎತ್ತಿದ. ಹಬ್ಬಕ್ಕೆ ಅಟ್ಟ ಗುಡಿಸುವಾಗ ಜಲಜ ಎರಡನ್ನೂ ಇಳಿಸಿ ಮತ್ತೆ ಇಟ್ಟದ್ದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ಜಲಜ ಪೇಟೆಯಿಂದ ಬಂದು ಬುಟ್ಟಿ ಇಳಿಸಿದವಳೇ ಕೇಳಿದಳು, "ಹ್ವಾಯ್, ಚಟ್ಲಿ ಹುರ್ದದ್ದ್ ಯಾರ್?"

"ಹೌದೌದು," ಅಂದ ಪಾಂಡು. "ಅಪ್ಪಿ ಮನಿಂದ ಬತ್ತಿತ್ ಕಾಣ್ತ್."

ಪಕ್ಕದ ಮನೆಯ ಅಪ್ಪಿ ಚಟ್ಲಿ ಹುರಿದಿದ್ದರೆ ಅದರಲ್ಲೇನು ವಿಶೇಷ? ಕೋಡಿಯಲ್ಲಿ ಆ ವಾಸನೆ ಇಲ್ಲದ ಮನೆಯೇ ಇಲ್ಲ. ಜಲಜ ಮತ್ತೆ ಕೇಳಲಿಲ್ಲ.

ಬಾರ್ಲಿ ಬ್ರಹ್ಮಾವರಕ್ಕೆ ಹೋಯಿತು, ಕುದಿಯಿತು, ಹುಳಿಯಿತು. ಪಾತ್ರೆ ತೊಳೆಯುವ ನಾಗು ಮಾತ್ರ ಒಂದು ದಿನ ಮೂಗು ಮುರಿದಳು. "ಪಾಂಡಣ್ಣ, ವಾಸ್ನಿ ಬೇರೆ ನಮುನಿ ಇತ್ತಲೆ?"

ಹೆದರಿಕೆಯನ್ನು ಪಾಂಡು ಸಿಟ್ಟು ಮಾಡಿ ತೋರಿಸಿದ. "ನಾಗಕ್ಕ, ಸ್ಟೌಟ್ ಅಂದ್ರೆ ಹಾಂಗೇ. ನಿಮ್ಗ್ ಗೊತ್ತಿಲ್ಲದ್ದಕ್ಕೆ ಬಾಯ್ ಹಾಕ್ಬೇಡಿ."

ಭಾನುವಾರ ಮಧ್ಯಾಹ್ನ ಅತಿಥಿಗಳು ಬಂದರು. ಕಪ್ಪು ಬಿಯರು ಗ್ಲಾಸಿಗೆ ಇಳಿಯಿತು, ಮೇಲೆ ಚಹಾ ಬಣ್ಣದ ನೊರೆ ದಪ್ಪಗೆ ನಿಂತಿತು. ನೋಡುವುದಕ್ಕೆ ಚೆಂದವೋ ಚೆಂದ. ರತೀಶ ಹೆಮ್ಮೆಯಿಂದ ಪಾಂಡುವಿನ ಹೆಗಲ ಮೇಲೆ ಕೈಯಿಟ್ಟು, ಮೊದಲ ಗುಟುಕು ನಮ್ಮ ಪಾಂಡಣ್ಣನದ್ದು ಎಂದ. ಪಾಂಡು ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದ, ಕಣ್ಣು ಮುಚ್ಚಿ ಮೂಸಿದ, ಗುಟುಕರಿಸಿದ, ಮೂಗಿನಿಂದ ಉಸಿರು ಬಿಟ್ಟ. ಕಹಿ ಹದವಾಗಿತ್ತು, ಕೊನೆಯಲ್ಲಿ ಬೇಕಾದಷ್ಟೇ ಸಿಹಿ. ಉಳಿದದ್ದನ್ನು ಅವನು ಮುಂಬೈಯ ಆ ದಿನದಿಂದ ಕಡ ತಂದು ಹೇಳಿದ: ಮೊದಲು ಕಾಫಿ, ಆಮೇಲೆ ಸೀದ ಬೆಲ್ಲ, ಕೊನೆಗೆ ಗೆರಟೆಯ ಕೆಂಡ. ಇಷ್ಟು ಒಳ್ಳೆಯದು ನಾನು ಮಾಡಿಯೇ ಇಲ್ಲ ಎಂದೂ ಸೇರಿಸಿದ.

ಕಣ್ಣು ತೆರೆದಾಗ ಅತಿಥಿಗಳೂ ಗುಟುಕರಿಸಿ ಆಗಿತ್ತು. ಒಬ್ಬರು ಬಾಯಿಗೆ ಕರವಸ್ತ್ರ ಹಿಡಿದಿದ್ದರು. ಮಂಗಳೂರಿನವರೊಬ್ಬರು ಗ್ಲಾಸನ್ನು ಮೆಲ್ಲ ಕೆಳಗಿಟ್ಟು, ಇದರಲ್ಲಿ ಒಣ ಸಿಗಡಿ ಹಾಕಿದ್ದೀರಾ ಎಂದು ಮರ್ಯಾದೆಯಿಂದಲೇ ಕೇಳಿದರು. ರತೀಶ ಮೂಸಿ ನೋಡಿದ. ಅವನ ಮುಖ ಕಪ್ಪಿಟ್ಟಿತು. ಸೀದಾ ಒಳಗೆ ತಿರುಗಿ ಕೂಗಿದ, "ನಾಗಕ್ಕಾ! ದಿನಾ ಬುತ್ತಿಯೊಳ್ಗೆ ಚಟ್ಲಿ ಚಟ್ನಿ ತಕಂಡ್ ಬಪ್ಪುದ್ ನೀವೇ ಅಲ್ದಾ? ಯಾವ ಪಾತ್ರೆ ಮುಟ್ಟಿದ್ರಿ? ನಾಳಿಂದ ಬಪ್ಪುದ್ ಬ್ಯಾಡ."

ನಾಗು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳು ರತೀಶನನ್ನು ನೋಡಲಿಲ್ಲ, ಪಾಂಡುವನ್ನು ನೋಡಿದಳು. ಎರಡು ಬಾಣಲೆಗಳು ಆಗ ಪಾಂಡುವಿನ ಕಣ್ಣಿಗೆ ಕಟ್ಟಿದವು. ಸುಮ್ಮನಿದ್ದರೆ ಸಾಕಿತ್ತು. ಹಲಗೆಯ ಮೇಲಿನ ಹೆಸರು ಹಾಗೇ ಉಳಿಯುತ್ತಿತ್ತು, ಬೈಗುಳ ಬೇರೆಯವರ ಪಾಲಿಗೆ ಹೋಗುತ್ತಿತ್ತು. ಸುಮ್ಮನಿರಲು ಅವನು ಪ್ರಯತ್ನವನ್ನೂ ಮಾಡಿದ, ಸುಳ್ಳು ಹೇಳಬಾರದು. ಆದರೆ ಆ ಹೆಂಗಸಿನ ಕೈಯಿಂದ ನೀರು ತೊಟ್ಟಿಕ್ಕುತ್ತಿರುವುದನ್ನು ನೋಡಿಕೊಂಡು ನಿಲ್ಲಲು ಅವನಿಂದಾಗಲಿಲ್ಲ.

"ನಾಗಕ್ಕಂಗ್ ಬೈಬೇಡಿ ರತೀಶಣ್ಣ. ಅವ್ರ್ ಮೊದ್ಲೇ ಹೇಳಿದ್ರ್, ನಾನೇ ಬಾಯ್ ಮುಚ್ಚಿಸ್ದೆ. ಬಾಣ್ಲಿ ಅದ್ಲ್ ಬದ್ಲ್ ಮಾಡ್ದದ್ದ್ ನಾನ್. ನಂಗ್ ಮೂಗೇ ಇಲ್ಲೆ. ಮಳಿ ಹಿಡ್ದಲ್ಲಿಂದ ಒಂದ್ ವಾಸ್ನಿಯೂ ಬತ್ತಿಲ್ಲೆ."

"ಹಂಗಾರೆ ಇಷ್ಟ್ ದಿನ ನೀವ್ ಅಡ್ಡಿಲ್ಲೆ ಅಂದದ್ದ್?"

"ಅಂದಾಜಿಗ್."

ರತೀಶ ಬೈಯಲಿಲ್ಲ. ನೀವು ಮನೆಗೆ ಹೋಗಿ, ಆಮೇಲೆ ಮಾತಾಡುವ ಎಂದ. ಬೈದಿದ್ದರೆ ಪಾಂಡುವಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಸಂಜೆ ಜಗಲಿಯಲ್ಲಿ ಅವನು ಜಲಜಳಿಗೆ ಎಲ್ಲವನ್ನೂ ಹೇಳಿದ. ಪೇಟೆಯಿಂದ ಆಗಷ್ಟೇ ಬಂದು ಅವನ ಪಕ್ಕದಲ್ಲೇ ಚಹಾ ಹಿಡಿದು ಕೂತಿದ್ದಳು. ಚಟ್ಲಿ ಬಿಯರಿನ ಕತೆಗೆ ಮೊದಲು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಂಗೊಬ್ಬಳಿಗಾದರೂ ಹೇಳಬಾರದಿತ್ತಾ ಎಂದು ಬೈದಳು. ಆಮೇಲೆ ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದಳು.

"ಮಳಿ ಹಿಡ್ದಲ್ಲಿಂದ್ವಾ?"

"ಹೌದ್."

"ಅದ್ಕೇಯಾ, ನೀವ್ ನಂಗೆ 'ಮಿಂದ್ಕಂಡ್ ಬಾ' ಅಂಬುದ್ ಬಿಟ್ಟದ್ದ್?"

ಮದುವೆಯಾದಾಗಿನಿಂದಲೂ ಅದು ಪಾಂಡುವಿನ ಕಟ್ಟಳೆ. ಮೀನು ಮಾರಿ ಬಂದವಳು ಮಿಂದು ಸೀರೆ ಬದಲಿಸದೆ ಹತ್ತಿರ ಕೂರಬಾರದು, ಅವನ ಮೂಗಿಗೆ ಆಗುವುದಿಲ್ಲ. ಈ ಕೆಲವು ತಿಂಗಳು ಮಾತ್ರ ಅವನು ಹಾಗೆ ಹೇಳಿರಲಿಲ್ಲ. ದಣಿದು ಬಂದವಳು ಬಂದ ಹಾಗೇ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

"ನಾ ಬೇರೆಂತದೋ ಅಂದ್ಕಂಡಿದ್ದೆ," ಅಂದಳು ಜಲಜ. ಅರ್ಧ ಚಹಾ ಇದ್ದ ಲೋಟವನ್ನು ಕೆಳಗಿಟ್ಟು ಎದ್ದಳು.

"ಮೀವುಕ್ ಹೋಪುದ್ ಬ್ಯಾಡ ಜಲಜ. ಇಲ್ಲೇ ಕೂಕೋ."

"ವಾಸ್ನಿ ಬತ್ತಿಲ್ಲೆ ಅಲ್ದಾ, ಅದ್ಕ್ ಹೇಳ್ತ್ರಿ," ಅಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.