ಅತ್ತೆಯ ಹಣೆ, ಒಗ್ಗರಣಿಯ ಹಲ್ಲು

ಕಳೆದ ಸೋಮವಾರ ಬೆಳಗ್ಗೆ ನಮ್ಮ ಅತ್ತೆ ನಾಯಿಯ ತಿನಿಸನ್ನು ಹಣೆಗೆ ಹಚ್ಚಿಕೊಂಡು ಪೂಜೆಗೆ ಕೂತರು.

ನಗಬೇಡಿ. ನಾನೂ ನಗಲಿಲ್ಲ. (ಆಮೇಲೆ ಬಚ್ಚಲಿಗೆ ಹೋಗಿ ನಕ್ಕೆ, ಅದು ಲೆಕ್ಕಕ್ಕಿಲ್ಲ.) ಆ ಹೊತ್ತಿನಲ್ಲಿ ನಗುವ ಹಾಗಿರಲಿಲ್ಲ. ನಮ್ಮ ಒಗ್ಗರಣಿ ಈ ಮನೆಯಲ್ಲಿ ಇರಬೇಕೋ ಬಿಡಬೇಕೋ ಎಂಬುದು ಅತ್ತೆಯ ಕೈಯಲ್ಲಿತ್ತು.

ಒಗ್ಗರಣಿ ಎಂದರೆ ನಮ್ಮ ನಾಯಿ. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮರಿ. ನೀರಮಾನ್ವಿಯ ಯಲ್ಲಮ್ಮನ ದರ್ಶನ ಮುಗಿಸಿ, ಮನೆಗೆ ಮರಳಲು ರಾಯಚೂರು ಬಸ್ಸಿಗೆ ಕಾಯುತ್ತಾ ಮಂಡಾಳ ಒಗ್ಗರಣಿ (ನಿಮ್ಮ ಮಂಡಕ್ಕಿ ಒಗ್ಗರಣೆ), ಮಿರ್ಚಿ ತಿನ್ನುತ್ತಿದ್ದೆ. ಮಿರ್ಚಿ ನಾನು ತಿಂದೆ. ಒಗ್ಗರಣಿ ಅದು ತಿಂದಿತು. ಕಟ್ಟಿದ್ದ ಪೇಪರನ್ನೂ ತಿಂದಿತು. ಆಮೇಲೆ ನನ್ನ ಸೆರಗು ಬಿಡಲಿಲ್ಲ. ತಮಾಷೆಗೆ ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿತು. ಈಗ ಸಂಜೆ ಗೇಟಿನಲ್ಲಿ ನಿಂತು "ಒಗ್ಗರಣೀ..." ಎಂದು ಕೂಗಿದರೆ, ಓಣಿಗೆ ಹೊಸದಾಗಿ ಬಂದವರು ಪ್ಲೇಟು ಹಿಡಿದುಕೊಂಡು ಹೊರಗೆ ಬರುತ್ತಾರೆ.

ಅದಕ್ಕೆ ಒಂದೇ ಚಟ. ಕಡಿಯುವುದು. ಚಪ್ಪಲಿ, ಬಾಗಿಲ ಚೌಕಟ್ಟು, ಟಿವಿ ರಿಮೋಟು, ಮಾನ್ವಿಯಲ್ಲಿರುವ ನಮ್ಮವರ ಅಕ್ಕಿ ಗಿರಣಿಯ ಕೀಲಿಗೆ ಕಟ್ಟಿದ್ದ ಚರ್ಮದ ಪಟ್ಟಿ, ಎಲ್ಲಾ ಆಯಿತು. ಮನೆ ಸಹಿಸಿಕೊಂಡಿತು. ಆದರೆ ಶನಿವಾರ ಅದು ಅತ್ತೆಯ ಕನ್ನಡಕ ಕಡಿಯಿತು. ಹೊಸದು ಗುರುವಾರ ಸಿಗುತ್ತದೆ ಎಂದರು ಅಂಗಡಿಯವರು. ಅಲ್ಲಿಯವರೆಗೆ ಅತ್ತೆಗೆ ಲೋಕವೆಲ್ಲ ಮಸುಕು.

ಅತ್ತೆಯ ತವರು ಗೂಗಲ್. (ದೇವದುರ್ಗ ತಾಲೂಕಿನ, ಕೃಷ್ಣಾ ದಂಡೆಯ ಗೂಗಲ್. ನಿಮ್ಮ ಮೊಬೈಲಿನದಲ್ಲ. ಆದರೆ ಅತ್ತೆಗೆ ಗೊತ್ತಿಲ್ಲದ್ದು ಆ ಮೊಬೈಲಿಗೂ ಗೊತ್ತಿಲ್ಲ.) ಮಿಂದು ಪೂಜೆಯಾಗದೆ ತೊಟ್ಟು ನೀರು ಮುಟ್ಟುವವರಲ್ಲ. ಮಾವ ತೀರಿಕೊಂಡ ಮೇಲೆ ಅವರ ಹಣೆಗೆ ವಿಭೂತಿ ಒಂದೇ. ನಾಯಿಯನ್ನಂತೂ ಒಂದು ದಿನವೂ ಮುಟ್ಟಿದವರಲ್ಲ. ನಾಯಿಯೂ ಅಷ್ಟೇ, ಅವರ ಮಂಚದ ಹತ್ತಿರ ಸುಳಿಯುತ್ತಿರಲಿಲ್ಲ.

ಕನ್ನಡಕದ ಚೂರುಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ತೀರ್ಪು ಕೊಟ್ಟರು. "ಬುಧವಾರ ನಿನ್ನ ಗಂಡ ದೇವದುರ್ಗಕ್ಕ ಹೊಂಟಾನ. ಹಂಗೇ ಮುಂದ ಗೂಗಲ್ಲಿಗೆ ಹೋಗಿ, ನನ್ನ ತಮ್ಮನ ಹೊಲದಾಗ ಬಿಟ್ಟು ಬರ್ಲಿ ಇದನ್ನ."

"ಅತ್ತೀ, ಅಲ್ಲಿ ಎರಡು ದೊಡ್ಡ ನಾಯಿ ಅದಾವ್ರಿ. ಇದು ಗ್ವಾಡಿ ಮ್ಯಾಲಿನ ಹಲ್ಲಿಗೆ ಹೆದರತದ."

"ಹಲ್ಲಿಗೆ ಹೆದರತದ, ನನ್ನ ಕನ್ನಡಕಕ್ಕ ಹೆದರಲಿಲ್ಲಲ್ಲ?"

ಕಡಿಯುವುದಕ್ಕೆ ಬೇರೆ ಏನಾದರೂ ತಂದುಕೊಡುತ್ತೇನೆ, ಬುಧವಾರದವರೆಗೆ ಟೈಮ್ ಕೊಡಿ ಎಂದು ಬೇಡಿಕೊಂಡೆ. "ತಾ. ಆದ್ರ ಎಲುಬು ಗಿಲುಬು ಈ ಹೊಸ್ತಿಲಾ ದಾಟಬಾರ್ದು ನೋಡು" ಎಂದರು.

ಭಾನುವಾರ ಪೆಟ್ ಶಾಪಿಗೆ ಓಡಿದೆ. ಮಾಲೀಕ ಪಾಷಾ ಭಾಯಿ ಬಲು ಉತ್ಸಾಹದ ಮನುಷ್ಯ. "ಬಾಳಿಕಿ ಬರೋದು ಬೇಕಲ್ರಿ ಮೇಡಂ? ನ್ಯಾಚುರಲ್ ಮಾಲ್ ಅದ, ಏಕ್‌ದಂ ಪಕ್ಕಾ" ಎಂದು ಒಂದೊಂದೇ ಟೇಬಲ್ ಮೇಲೆ ಇಡುತ್ತಾ ಹೋದರು. ಎಮ್ಮೆ ಕೊಂಬಿನ ತುಂಡು. ಗೊರಸು. ಒಣಗಿಸಿದ ಕುರಿ ಕಿವಿ. ಕೊನೆಗೆ ಕಂದು ಬಣ್ಣದ, ಮೊಳದುದ್ದದ ಒಂದು ಕಡ್ಡಿ. ನನಗೆ ಅದು ಹಿಡಿಸಿತು. ಕೈಗೆ ತೆಗೆದುಕೊಂಡು ಮೂಸಿ ನೋಡಿದೆ.

"ಇದು ಯಾವ ಕಟ್ಟಿಗೀರಿ?"

ಪಾಷಾ ಭಾಯಿ ಮೇಲಿನ ಫ್ಯಾನು ನೋಡತೊಡಗಿದರು. "ಕಟ್ಟಿಗಿ ಅಲ್ರಿ ಮೇಡಂ. ಕೋಣದ್ದು."

"ಕೋಣದ್ದು ಅಂದ್ರ? ಕೋಣದ್ದು ಏನ್ರಿ?"

"ಅದೇ ರೀ... ಕೋಣಕ್ಕ ಇರತದ, ಎಮ್ಮಿಗೆ ಇರಂಗಿಲ್ಲ."

(ಇಲ್ಲಿ ಎರಡು ಸಾಲು ಬರೆದು ಅಳಿಸಿದ್ದೇನೆ. ಇದು ಮನೆಮಂದಿ ಓದುವ ಪತ್ರಿಕೆ.)

"ವೆಜ್ ಏನೂ ಇಲ್ಲೇನ್ರಿ?" ಎಂದೆ, ಕೈಯನ್ನು ಎಲ್ಲಿ ಒರೆಸಿಕೊಳ್ಳಲಿ ಎಂದು ನೋಡುತ್ತಾ.

"ನಿಮ್ಮ ನಾಯಿ ವೆಜ್ಜೇನ್ರಿ?"

"ನಾಯಿ ಅಲ್ರಿ, ಅತ್ತಿ."

ಪಾಷಾ ಭಾಯಿಗೆ ತಕ್ಷಣ ಅರ್ಥವಾಯಿತು. ಒಳಗಿನಿಂದ ಒಂದು ಪ್ಯಾಕೆಟ್ ತಂದರು. ಅದರಲ್ಲಿ ಸಾಬೂನಿನಂಥ ಎರಡು ಗಟ್ಟಿ. ಕೆನೆ ಬಣ್ಣ, ಕಲ್ಲಿನಂಥ ಗಟ್ಟಿತನ. "ಹಿಮಾಲಯದ್ದು ಮೇಡಂ. ಬರೇ ಹಾಲಿಂದು."

ಮನೆಗೆ ಬಂದು (ಇನ್ನೊಂದು ಗೂಗಲ್ಲಿನಲ್ಲಿ) ಹುಡುಕಿ ಓದಿದೆ. ಬೆಟ್ಟದ ಮೇಲಿನ ದನಗಾಹಿಗಳು ಯಾಕ್ ಎಂಬ ಜೋಲು ಕೂದಲಿನ ಪ್ರಾಣಿಯ ಹಾಲು ಕಾಸಿ, ಒಡೆಸಿ, ನೀರು ಹಿಂಡಿ, ಒಲೆಯ ಹೊಗೆಯಲ್ಲಿ ವಾರಗಟ್ಟಲೆ ಒಣಗಿಸುತ್ತಾರಂತೆ. ಚಳಿಯಲ್ಲಿ ಗುಡ್ಡ ಹತ್ತುವಾಗ ಒಂದು ಚೂರು ದವಡೆಗೆ ಇಟ್ಟುಕೊಂಡರೆ ದಾರಿ ಸವೆಯುತ್ತದೆ, ಅದು ಸವೆಯುವುದಿಲ್ಲ. ಮೂಲದಲ್ಲಿ ಇದು ಮನುಷ್ಯರ ತಿನಿಸು. ಜೊತೆಗಿದ್ದ ನಾಯಿ ಪಾಲು ಕೇಳದೆ ಬಿಟ್ಟೀತೇ?

ನಾಯಿಯ ಪಾಲಿಗೆ ಎಂದೂ ಬಂದದ್ದು ನಾವು ಬಿಟ್ಟದ್ದೇ ಅಲ್ಲವೇ? ಕೊಂಬು, ಗೊರಸು, ಚರ್ಮ. ನಮ್ಮ ಕಡೆಯ ಹಳ್ಳಿ ನಾಯಿಗಳಿಗೆ ಎತ್ತಿನ ಚಕ್ಕಡಿಯ ಹಳೇ ಚರ್ಮದ ಮಿಣಿಹಗ್ಗ ಸಾಕಿತ್ತು. ಈಗ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರನ್ನು ಯಾವ ನಾಯಿ ಕಡಿದೀತು? ಪಾಪ, ಪೇಟೆಗೆ ಬಂದು ಪ್ಯಾಕೆಟ್ಟಿಗೆ ಕಾಯಬೇಕು.

ಹಾಗೆ ನೋಡಿದರೆ ಕಡಿಯದೆ ಇರುವವರು ಯಾರಿದ್ದಾರೆ? ಹಲ್ಲು ಬರುವ ಕೂಸಿಗೆ ಉತ್ತತ್ತಿ ಕೊಡುತ್ತೇವೆ. ನಮ್ಮವರಿಗೆ ದಿನವಿಡೀ ಅಡಿಕೆ ಬೇಕು. ನಾನು ಈ ಅಂಕಣ ಬರೆಯುವಾಗ ಪೆನ್ನಿನ ಕ್ಯಾಪ್ ಕಡಿಯುತ್ತೇನೆ. ಅತ್ತೆ ನನ್ನ ತಲೆ ತಿನ್ನುತ್ತಾರೆ. (ಇದೂ ನ್ಯಾಚುರಲ್. ಬಹಳ ವರ್ಷ ಬಾಳಿಕೆ ಬಂದಿದೆ.) ಬಾಯಿಗೆ ಕೆಲಸವಿದ್ದರೆ ಮನಸ್ಸಿಗೆ ನೆಮ್ಮದಿ, ಅಷ್ಟೇ.

ಒಂದು ಗಟ್ಟಿಯನ್ನು ಒಗ್ಗರಣಿಗೆ ಕೊಟ್ಟೆ. ಎರಡು ಕಾಲಿನ ನಡುವೆ ಹಿಡಿದು ಕೂತದ್ದು ಸಂಜೆಯವರೆಗೂ ಏಳಲಿಲ್ಲ. ಮನೆಯಲ್ಲಿ ಒಂದು ಸಾಮಾನೂ ಹಾಳಾಗಲಿಲ್ಲ. ಇನ್ನೊಂದು ಗಟ್ಟಿಯನ್ನು ಎಲ್ಲಿ ಇಡುವುದು? ಅಡುಗೆಮನೆಯ ಕಪಾಟು ತೆರೆಯುವ ವಿದ್ಯೆ ಅದಕ್ಕೆ ಬರುತ್ತದೆ. ಅದಕ್ಕೆ ತೆರೆಯಲು ಬಾರದ್ದು ದೇವರ ಕಪಾಟು ಒಂದೇ. ಹಾಲಿನದು ತಾನೇ ಎಂದು ಅಲ್ಲೇ ಇಟ್ಟೆ. ವಿಭೂತಿ ಗಟ್ಟಿಯ ಪಕ್ಕದಲ್ಲಿ. ಅದೇ ಆಕಾರ, ಅದೇ ಗಾತ್ರ. ಬಣ್ಣ ಒಂದು ತುಸು ಹಳದಿ.

ಕನ್ನಡಕವಿಲ್ಲದ ಅತ್ತೆ ಸೋಮವಾರ ಮಿಂದು ಬಂದು ಮಣೆಯ ಮೇಲೆ ಕೂತರು. ಕಪಾಟಿನಲ್ಲಿ ಕೈಯಾಡಿಸಿ ಗಟ್ಟಿ ತೆಗೆದರು. ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಗೆ ತಿಕ್ಕಿ, ಮೂರು ಬೆರಳನ್ನು ಹಣೆಯ ಮೇಲೆ ಎಳೆದು ಕಣ್ಣು ಮುಚ್ಚಿದರು. ನಾನು ಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಣೆಯ ಮೇಲೆ ಬಿಳಿ ಗೆರೆ ಮೂಡಲಿಲ್ಲ. ಎಣ್ಣೆ ಹಚ್ಚಿದ ಹಾಗೆ ಬರೀ ಮಿಂಚಿತು.

ನನಗೆ ಹೊಳೆಯುವಷ್ಟರಲ್ಲಿ ಒಗ್ಗರಣಿಗೆ ವಾಸನೆ ಹೊಡೆದಿತ್ತು. ನನ್ನ ಕಾಲ ಸಂದಿಯಿಂದ ನುಸುಳಿತು. ಎಂದೂ ಹತ್ತಿರ ಸುಳಿಯದ ನಾಯಿ ಅತ್ತೆಯ ತೊಡೆಯ ಮೇಲೆ ಮುಂಗಾಲಿಟ್ಟು, ಹಣೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ನೆಕ್ಕಿತು.

ಮುಗಿಯಿತು ಕಥೆ, ಬುಧವಾರದವರೆಗೂ ಉಳಿಯುವುದಿಲ್ಲ ಎಂದುಕೊಂಡೆ. ಆದರೆ ಅತ್ತೆ ಕೂಗಲಿಲ್ಲ. ದೂಡಲಿಲ್ಲ. ಕಣ್ಣನ್ನೂ ಬಿಡಲಿಲ್ಲ. ಅದು ನೆಕ್ಕಿ ಮುಗಿಸುವವರೆಗೆ ಹಾಗೇ ಕೂತಿದ್ದರು. ಆಮೇಲೆ "ಆತೇನು ನಿಂದು?" ಎಂದರು. ನನಗಲ್ಲ, ನಾಯಿಗೆ. ಎದ್ದು ಹೋಗಿ ಮತ್ತೊಮ್ಮೆ ಮಿಂದು ಬಂದರು.

ಬುಧವಾರ ನಮ್ಮವರು ಹಗ್ಗ ಹಿಡಿದು ಹೊರಟರೆ, "ನಾಯಿ ಇರ್ಲಿ ಬಿಡು" ಎಂದುಬಿಟ್ಟರು. "ಅವ್ವಾ, ನೀನೇ ಹೇಳಿದ್ದೆಲ್ಲ?" ಎಂದು ಇವರು ಕೇಳಿದರೆ, "ಈಗ ಇರ್ಲಿ ಅಂದ್ನೆಲ್ಲ" ಎಂಬ ಉತ್ತರ. ಸಂಜೆಯೊಳಗೆ ಇವರ ಬಾಯಿಂದ ಮಾನ್ವಿಯ ಗಿರಣಿಯಲ್ಲೆಲ್ಲ ಸುದ್ದಿ: ನಮ್ಮ ನಾಯಿ ಪೂಜೆಯ ಹೊತ್ತಿಗೆ ಸರಿಯಾಗಿ ಬಂದು ಅವ್ವನ ಹಣೆ ಮುಟ್ಟಿತಂತೆ! ಗಟ್ಟಿಯ ವಿಷಯ ಹೇಳಿ ಪವಾಡವನ್ನು ಯಾಕೆ ಕೆಡಿಸಲಿ?

ಗುರುವಾರ ಹೊಸ ಕನ್ನಡಕ ಬಂತು. ಮಧ್ಯಾಹ್ನ ಚಹಾ ಒಯ್ದು ನೋಡಿದರೆ, ಅತ್ತೆ ಕನ್ನಡಕ ಹಾಕಿಕೊಂಡೇ ಆ ಗಟ್ಟಿಯನ್ನು ನೀರಿನಲ್ಲಿ ಅದ್ದಿ ಅಂಗೈಗೆ ತಿಕ್ಕುತ್ತಿದ್ದಾರೆ. "ಬಾ ಬೇ" ಎಂದು ಮೆಲ್ಲಗೆ ಕರೆಯುತ್ತಿದ್ದಾರೆ. ಒಗ್ಗರಣಿ ಮಂಚದ ಪಕ್ಕದಲ್ಲಿ ನಿಂತು ಅಂಗೈ ನೆಕ್ಕುತ್ತಿದೆ.

"ಅತ್ತೀ, ಅದು ನಾಯೀದ್ರಿ!"

"ಗೊತ್ತದ."

"ಯಾವಾಗ ಗೊತ್ತಾತ್ರಿ?"

"ಸೋಮವಾರ ಹಚ್ಕೊಂಡಾಗೇ. ಕನ್ನಡಕ ಹೋದ್ರ ಮೂಗೂ ಹೋಗತದೇನು? ಜಲ್ಮಾ ಪೂರ್ತಿ ಹಾಲು ಕಾಸೀನಿ, ಹಾಲಿನ ವಾಸನಿ ತಿಳಿಯಂಗಿಲ್ಲೇನು ನನಗ?"

"ಮತ್ತ ಸುಮ್ನ ಯಾಕ ಕುಂತ್ರಿ? ದೂಡಬೇಕಿಲ್ಲ?"

ಅತ್ತೆ ಗಟ್ಟಿಯನ್ನು ಮತ್ತೊಮ್ಮೆ ನೀರಿನಲ್ಲಿ ಅದ್ದಿದರು. "ನಿಮ್ಮ ಮಾವ ಹೋದ ಮ್ಯಾಲ ನನ್ನ ಹಣಿ ಯಾರೂ ಮುಟ್ಟಿದ್ದಿಲ್ಲ" ಎಂದರು. "ಇದಕ್ಕೇನು ಗೊತ್ತು ಪಾಪ. ಬಂತು, ಮುಟ್ತು."

ನನಗೆ ಅಳು ಬಂತು. ಪ್ರತಿ ಶುಕ್ರವಾರ ನಮ್ಮ ಮನೆಗೆ ಓಣಿಯ ಹೆಂಗಸರು ಬರುತ್ತಾರೆ. ಹೋಗುವಾಗ ಎಲ್ಲರ ಹಣೆಗೂ ಕುಂಕುಮ ಹಚ್ಚಿ ಕಳಿಸುತ್ತೇನೆ. ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾರೆ. ನನ್ನ ಬೆರಳು ಅವರನ್ನು ದಾಟಿ ಮುಂದಿನವರ ಹಣೆಗೆ ಹೋಗುತ್ತದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿಲ್ಲ. ಬೇಡ ಎಂದೂ ಯಾರೂ ಅಂದಿಲ್ಲ.

ಮೊನ್ನೆ ಶುಕ್ರವಾರವೂ ಹೆಂಗಸರು ಬಂದರು. ಕುಂಕುಮದ ಸರದಿ ಅತ್ತೆಯ ಕುರ್ಚಿಯ ಹತ್ತಿರ ಬಂದಾಗ ನಾನು ಬಟ್ಟಲು ಕೆಳಗಿಟ್ಟೆ. ದೇವರ ಕಪಾಟಿನಿಂದ ಗಟ್ಟಿ ತೆಗೆದೆ. (ಎರಡು ಸಲ ಮೂಸಿ ನೋಡಿದೆ. ವಿಭೂತಿಯೇ.) ಮೂರು ಬೆರಳಿಗೆ ಹಚ್ಚಿಕೊಂಡು ಅತ್ತೆಯ ಮುಂದೆ ನಿಂತೆ. ಹೆಂಗಸರು ತಿರುಗಿ ನೋಡಿದರು. ಮಂಚದ ಕೆಳಗೆ ಒಗ್ಗರಣಿ ಗಟ್ಟಿ ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಹೊಸ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮುಖ ಮೇಲೆತ್ತಿದರು.

"ಹಚ್ಚು" ಎಂದರು. "ಆದ್ರ ನೀ ಮತ್ತ ನೆಕ್ಕಬ್ಯಾಡ!"