ಖಾಲಿ ಇದ್ದಾಗ ನಡುಗದ ಗಾಡಿ

"ಗಾಡಿ ಅದುರ್ತದಾ, ಜಗ್ತದಾ, ನಡುಗ್ತದಾ?" ಎಂದು ಮೆಕ್ಯಾನಿಕ್ ಕೇಳಿದಾಗ ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಮೂರೂ ಒಂದೇ ಎಂದುಕೊಂಡಿದ್ದೆ. ಶನಿವಾರಸಂತೆಯ ಹೊರಗೆ ವರ್ಕ್‌ಶಾಪ್ ಇಟ್ಟುಕೊಂಡಿರುವ ಈತ ಕೇರಳದ ಕಡೆಯವನು. ಬಂದು ಎಷ್ಟೋ ವರ್ಷವಾಗಿದ್ದರೂ ಅವನ ಕನ್ನಡ ಮಾತ್ರ ಇನ್ನೂ ಘಾಟಿ ಹತ್ತುತ್ತಲೇ ಇದೆ.

"ಅದುರೋದು ಅಂದ್ರೆ ಸ್ಪೀಡಲ್ಲಿ ಅಕ್ಕ, ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಾಗ್ತದೆ. ಜಗ್ಗೋದು ಅಂದ್ರೆ ಡೀಸೆಲ್ ಸರಿಯಾಗಿ ಬರದೆ ಹಿಂದೆ ಎಳೀತದೆ. ನಡುಗೋದು ಅಂದ್ರೆ ಹಿಂಗೆ" ಎನ್ನುತ್ತ ಮೊಣಕಾಲು ಎರಡನ್ನೂ ಜೋಡಿಸಿ, ಚಳಿ ಹಿಡಿದವನ ಹಾಗೆ ಅಲ್ಲಾಡಿಸಿ ತೋರಿಸಿದ. "ನಮ್ಮ ಮಲಯಾಳದಲ್ಲಿ ವಿರಯಲ್ ಅಂತೀವಿ. ನಿಂತಲ್ಲಿಂದ ಹೊರಡುವಾಗ."

"ಅದೇ, ಅದೇ!" ಎಂದೆ. ಕಾಯಿಲೆಗೆ ಹೆಸರು ಸಿಕ್ಕಿದ್ದಕ್ಕೇ ನನಗೆ ಅರ್ಧ ಖುಷಿಯಾಗಿತ್ತು.

ಎಡಗಡೆ ಸೀಟಿನಲ್ಲಿ ಕೂತಿದ್ದ ನನ್ನ ಗಂಡ ಕಿಟಕಿಯಿಂದ ತಲೆ ಹಾಕಿ, "ಗಾಡಿಗೇನೂ ಆಗಿಲ್ಲ ಕಣಪ್ಪ. ಇವಳ ಕಾಲು. ಕ್ಲಚ್ ಬಿಡೋದು ಗೊತ್ತಿಲ್ಲ" ಎಂದರು. ಖುಷಿ ಅಲ್ಲಿಗೆ ಮುಗಿಯಿತು.

ಆ ಪಿಕಪ್ಪನ್ನು ಅವರು ಕುಶಾಲನಗರದ ಕಡೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು. ನಮ್ಮ ಶುಂಠಿ, ಹಸಿಮೆಣಸಿನಕಾಯಿಯನ್ನು ಸಂತೆಗೆ ಸಾಗಿಸಲು ಬಾಡಿಗೆ ಗಾಡಿಯವರ ಮರ್ಜಿ ಕಾಯುವುದು ಸಾಕಾಗಿತ್ತು. ಗಾಡಿ ಹಿಂದೆ ಏನು ಹೊರುತ್ತಿತ್ತು ಎಂಬುದನ್ನು ಮಾತ್ರ ಮನೆಯಲ್ಲಿ ಹೇಳಲಿಲ್ಲ. ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ ಮೊದಲ ಮಧ್ಯಾಹ್ನವೇ ಗಾಡಿ ತಾನೇ ಹೇಳಿತು. ಮೂಗಿಗೆ ಸೆರಗು ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ ನನ್ನ ಅತ್ತೆ, "ಇದು ಮೀನಿನ ಗಾಡಿ ಕಣೋ!" ಎಂದು ಕೂಗಿಕೊಂಡರು. ಈರುಳ್ಳಿ ಬೆಳ್ಳುಳ್ಳಿಗೂ ವಾರ ನೋಡುವ ಮನೆ ನಮ್ಮದು. ಸಗಣಿ ನೀರು ಎರಚಿದ್ದಾಯಿತು, ಬಾನೆಟ್ಟಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದದ್ದಾಯಿತು. ಇಷ್ಟಾದರೂ ಬಿಸಿಲು ಜೋರಾದ ದಿನ ಒಣಮೀನು ಎದ್ದು ಕೂರುತ್ತಿತ್ತು.

ಮರುವರ್ಷ ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ನನ್ನ ಗಂಡ ಬಿದ್ದರು. ಎಡಗಾಲಿನ ಮಂಡಿಗೆ ಪೆಟ್ಟಾಯಿತು. ಆಪರೇಷನ್ ಆಗಿ ಓಡಾಡುವಂತಾದರೂ ಕ್ಲಚ್ ಒತ್ತುವ ಶಕ್ತಿ ಆ ಕಾಲಿಗೆ ಮರಳಲಿಲ್ಲ. ಹಾಗಾಗಿ ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಲೈಸೆನ್ಸ್ ಬಂತು. ಶನಿವಾರ ಶನಿವಾರ ನಾನು ಸ್ಟೇರಿಂಗ್ ಹಿಡಿದರೆ ಅವರು ಪಕ್ಕದಲ್ಲಿ ಕೂರತೊಡಗಿದರು.

ಆ ಸೀಟು ನನಗೆ ಇಷ್ಟವಾಗಿಬಿಟ್ಟಿತು ಎಂದು ನೇರವಾಗಿಯೇ ಹೇಳುತ್ತೇನೆ. ಅದುವರೆಗೆ ಸಂತೆಗೆ ಹೋದರೆ ನಾನು ಮೂಟೆ ಕಾಯುವವಳು. ವ್ಯಾಪಾರದ ಮಾತೆಲ್ಲ ಗಂಡನ ಜೊತೆ. ಗಾಡಿ ನಾನು ಓಡಿಸಿಕೊಂಡು ಬರತೊಡಗಿದ ಮೇಲೆ ಶುಂಠಿ ಕೊಳ್ಳುವವರು ಬಲಗಡೆ ಕಿಟಕಿಗೆ ಬಂದು, "ಏನಮ್ಮ, ಇವತ್ತೇನು ತಂದ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಅದು ನನಗೆ ಬೇಕಿತ್ತು.

ಆದರೆ ಈ ನಡುಕ. ನಮ್ಮ ತೋಟದ ದಾರಿ ಹಳ್ಳದ ಮೋರಿ ದಾಟಿದ ಕೂಡಲೇ, ಹೋಗುವಾಗಲೂ ಬರುವಾಗಲೂ, ದಿಣ್ಣೆ ಹತ್ತುತ್ತದೆ. ಅಲ್ಲಿ ಎಷ್ಟೋ ದಿನ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಸಾಕು, ನನ್ನ ಬೆನ್ನ ಹಿಂದೆ, ಅಡಿಯಿಂದ, ದಡದಡ ಎಂದು ನಡುಕ ಹುಟ್ಟಿ ಸೀಟು, ಕನ್ನಡಿ, ನನ್ನ ಹಲ್ಲು ಎಲ್ಲವೂ ಅಲುಗಾಡುತ್ತಿದ್ದವು. ಹತ್ತು ಮಾರು ಹೋದ ಮೇಲೆ ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತಿತ್ತು. ನಾನು ಕ್ಲಚ್ ಒತ್ತಿದಾಗೆಲ್ಲ ಪಕ್ಕದಲ್ಲಿ ನನ್ನ ಗಂಡನ ಎಡಗಾಲು, ಆ ನೋವಿನ ಕಾಲೇ, ನೆಲದ ಮ್ಯಾಟನ್ನು ಒತ್ತುತ್ತಿತ್ತು. ಅಲ್ಲಿ ಪೆಡಲ್ ಇಲ್ಲ ಎಂಬುದು ಆ ಕಾಲಿಗೆ ಗೊತ್ತಾಗುತ್ತಿರಲಿಲ್ಲ.

ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೊಸದು ಹಾಕಿದ. ನಡುಕ ಹೋಗಲಿಲ್ಲ. ಮತ್ತೆ ಒಯ್ದಾಗ ತಾನೇ ಹತ್ತಿ ಪೆಟ್ರೋಲ್ ಬಂಕಿನವರೆಗೆ ಹೋಗಿ ಬಂದು, "ಗಾಡಿ ಓಕೆ ಅಕ್ಕ. ಕಾಲು ಸ್ವಲ್ಪ ಮೆಲ್ಲ ಬಿಡಿ" ಎಂದ. ಇದಕ್ಕಿಂತ ಮೆಲ್ಲಗೆ ಬಿಟ್ಟರೆ ಗಾಡಿ ನಿದ್ದೆ ಹೋಗುತ್ತದೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹೊಸ ಪ್ಲೇಟ್ ಬಿದ್ದ ಮೇಲೆ ಗಾಡಿಯ ಮೇಲೆ ತಪ್ಪು ಹೊರಿಸಲು ಏನೂ ಉಳಿದಿರಲಿಲ್ಲ.

"ಕಾಫಿ ಕೊಯ್ಲಿಗೆ ಮುಂಚೆ ಒಬ್ಬ ಡ್ರೈವರ್ ನೋಡ್ತೀನಿ" ಎಂದರು ನನ್ನ ಗಂಡ ಅವತ್ತು ರಾತ್ರಿ ಊಟಕ್ಕೆ ಕೂತಾಗ. "ಹಿಂಗೇ ಬಿಟ್ರೆ ಈ ಪ್ಲೇಟೂ ಸುಟ್ಟು ಹಾಕ್ತೀಯ ಕಣೆ."

"ಮೀನಿನ ಗಾಡಿ ಕಣವ್ವ, ಮೀನು ಒದ್ದಾಡ್ದಂಗೆ ಒದ್ದಾಡ್ತೈತೆ. ನಿನ್ ತಪ್ಪೇನೈತೆ?" ಎಂದರು ಅತ್ತೆ. ಮನೆಯಲ್ಲಿ ನನ್ನ ಪರ ವಾದಿಸಿದವರು ಅವರೊಬ್ಬರೇ, ಅದೂ ಹೀಗೆ.

ನನಗೆ ಕೋಪ ಬಂದದ್ದು ನಿಜ. ಕೋಪಕ್ಕಿಂತ ಹೆಚ್ಚಾಗಿ ತಲೆಯೊಳಗೆ ಒಂದು ಹುಳ ಹೊಕ್ಕಿತು. ನನ್ನ ಕಾಲೇ ಆದರೆ, ಅದು ಒಂದು ದಿನ ನಡುಗಿಸಿ ಇನ್ನೊಂದು ದಿನ ಏಕೆ ಸುಮ್ಮನಿರುತ್ತದೆ? ಚಪ್ಪಲಿ ಹಾಕಿ ಓಡಿಸಿದೆ, ಬರಿಗಾಲಲ್ಲಿ ಓಡಿಸಿದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೋಡಿದೆ, ಸಂತೆಯಿಂದ ಬಂದು ಬಿಸಿಯಾಗಿರುವಾಗ ನೋಡಿದೆ. "ನೀವು ಓಡಿಸುವಾಗ ಈ ದಿಣ್ಣೇಲಿ ಹೇಗೆ ಬಿಡ್ತಿದ್ರಿ?" ಎಂದು ಗಂಡನನ್ನು ಕೇಳಿದೆ. "ರೇಸ್ ಕೊಟ್ಟು ಒಂದೇ ಸಲಕ್ಕೆ ಬಿಡ್ತಿದ್ದೆ. ಅದನ್ನೆಲ್ಲ ಹೇಳಿಕೊಡೋಕೆ ಆಗಲ್ಲ" ಎಂದು ಸಿಡುಕಿ ಕಿಟಕಿಯಾಚೆ ನೋಡಿದರು. ಇಷ್ಟು ಸಣ್ಣ ಪ್ರಶ್ನೆಗೆ ಸಿಡುಕೇಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಉತ್ತರದ ತುದಿ ಸಿಕ್ಕಿದ್ದು ಗೊಬ್ಬರದಿಂದ. ಒಂದು ಶನಿವಾರ ಶುಂಠಿ ಇಳಿಸಿ ಖಾಲಿ ಗಾಡಿಯಲ್ಲಿ ಮನೆಗೆ ಬಂದೆ. ಮೋರಿ ದಾಟಿ ದಿಣ್ಣೆಯಲ್ಲಿ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಟೆ. ನಡುಕವಿಲ್ಲ. ಎರಡು ದಿನ ಬಿಟ್ಟು ಪಕ್ಕದೂರಿನಿಂದ ಕೊಟ್ಟಿಗೆ ಗೊಬ್ಬರ ತುಂಬಿಕೊಂಡು ಬಂದು ಅದೇ ಜಾಗದಲ್ಲಿ ನಿಲ್ಲಿಸಿ ಹೊರಟರೆ ದಡದಡ! ಅದೇ ದಿಣ್ಣೆ, ಅದೇ ಕಾಲು. ಬದಲಾದದ್ದು ಬೆನ್ನ ಹಿಂದಿನ ಭಾರ ಮಾತ್ರ. ಗಾಡಿಯಲ್ಲಿ ಒಬ್ಬಳೇ ಕೂತಿದ್ದ ನನಗೆ ನಗು ಬಂತು. ಮೆಕ್ಯಾನಿಕ್ ಓಡಿಸಿ ನೋಡಿದ್ದು ಖಾಲಿ ಗಾಡಿಯನ್ನು, ಅದೂ ಸಮತಟ್ಟಾದ ಟಾರು ರಸ್ತೆಯಲ್ಲಿ! ಜ್ವರ ಬಿಟ್ಟ ಹೊತ್ತಿನಲ್ಲಿ ಡಾಕ್ಟರ ಬಳಿಗೆ ಹೋದ ಹಾಗಾಗಿತ್ತು.

ಈಗ ಅಡಿಯಲ್ಲಿ ಏನಾಗುತ್ತಿದೆ ಎಂದು ನೋಡಬೇಕಿತ್ತು. ಭಾರ ಹೊತ್ತು ದಿಣ್ಣೆ ಹತ್ತುವ ಗಾಡಿಯ ಅಡಿ ಮಲಗಿ ನೋಡಲು ನನಗೇನು ಹುಚ್ಚೇ? ಹಿಂದೊಮ್ಮೆ ಹಂಚಿನ ಸಂದಿಯಲ್ಲಿ ಬೆಕ್ಕಿನ ಮರಿ ಸಿಕ್ಕಿಬಿದ್ದಾಗ ಮೊಬೈಲನ್ನು ಕೋಲಿಗೆ ಕಟ್ಟಿ ಒಳಗೆ ತೂರಿಸಿ ವಿಡಿಯೊ ಮಾಡಿದ್ದೆವು. ಅದು ನೆನಪಾಯಿತು.

"ನಿಮ್ಮ ಫೋನ್ ಕೊಡ್ರಿ" ಎಂದು ಮನೆಯಲ್ಲಿದ್ದ ಗಂಡನನ್ನು ಕೇಳಿದೆ.

"ನಿಂದೇನಾಯ್ತು?"

"ನನ್ನದರಲ್ಲಿ ವಿಡಿಯೊ ಮಂಜು ಮಂಜು ಬರುತ್ತೆ."

ಬಿದ್ದರೆ ಯಾರದ್ದು ಬೀಳಬೇಕು ಎಂಬ ಲೆಕ್ಕವೂ ಮನಸ್ಸಿನಲ್ಲಿ ಇರಲಿಲ್ಲ ಎನ್ನಲಾರೆ. ಗೊಬ್ಬರ ಇನ್ನೂ ಇಳಿಸದ ಗಾಡಿಯನ್ನು ಮತ್ತೆ ಮೋರಿಯ ಬಳಿಗೆ ಒಯ್ದು ನಿಲ್ಲಿಸಿ, ಇಂಜಿನ್ ಆರಿಸಿ, ಗಾಲಿಗೆ ಕಲ್ಲು ಕೊಟ್ಟು, ಹಳೇ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಫೋನನ್ನು ಅಡಿಯ ಕಬ್ಬಿಣಕ್ಕೆ ಬಿಗಿದೆ. ಟಾರ್ಚ್ ಹಚ್ಚಿ ವಿಡಿಯೊ ಶುರುಮಾಡಿದೆ. ಅತ್ತೆ ದಿಣ್ಣೆಯ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು, "ಅಲ್ಲೇನು ಲಿಂಗ ಕಟ್ತಿದೀಯೇನವ್ವ ಅದಕ್ಕೆ?" ಎಂದು ಕೂಗಿದರು. ಕಲ್ಲು ತೆಗೆದು, ಹತ್ತಿ ಕೂತು, ಎಂದಿನಂತೆ ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಎಂದಿನಂತೆ ನಡುಗಿತು. ಆ ನಡುಕಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಜಗಲಿಯ ಮೇಲೆ ಮೂವರೂ ತಲೆ ಸೇರಿಸಿ ನೋಡಿದೆವು. ಮುಂದಿನ ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಎರಡು ತುಂಡಿನದು. ನಡುವೆ ಅದನ್ನು ಹಿಡಿದುಕೊಂಡಿರಲು ರಬ್ಬರಿನಲ್ಲಿ ಕೂರಿಸಿದ ಒಂದು ಬೇರಿಂಗ್ ಇರುತ್ತದೆ. ವಿಡಿಯೊದಲ್ಲಿ ಮೊದಲು ಎಲ್ಲ ಸ್ತಬ್ಧವಾಗಿತ್ತು. ಕ್ಲಚ್ ಬಿಡುತ್ತಿದ್ದಂತೆ ಶಾಫ್ಟ್ ತಿರುಗತೊಡಗಿತು. ತಿರುಗಿದ್ದೇ ನಡುವಿನ ಆ ಜಾಗ, ಅನ್ನ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ, ಮೇಲೆ ಕೆಳಗೆ ಕುಣಿಯಿತು. ರಬ್ಬರ್ ಅರ್ಧ ಸುತ್ತು ಹರಿದು ನಾಲಗೆಯಂತೆ ಜೋತು ಬಿದ್ದಿದ್ದು ಟಾರ್ಚಿನ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು. ಹರಿದ ಅಂಚು ಹೊಸದಲ್ಲ. ಅದರ ಮೇಲೆ ವರ್ಷಗಟ್ಟಲೆಯ ಮಣ್ಣು, ಗ್ರೀಸ್ ಮೆತ್ತಿಕೊಂಡಿತ್ತು.

"ನೋಡಿದ್ರಾ?" ಎಂದೆ. ಗೆದ್ದ ದನಿಯನ್ನು ಮುಚ್ಚಿಡಲು ನಾನು ಪ್ರಯತ್ನಪಡಲಿಲ್ಲ. "ಇದು ನನ್ನ ಕಾಲಾ?"

ಅವರು ವಿಡಿಯೊವನ್ನು ಮತ್ತೆ ಮೊದಲಿಂದ ಹಚ್ಚಿದರು. ಇನ್ನೊಮ್ಮೆ ಹಚ್ಚಿದರು. ಹರಿದ ರಬ್ಬರ್ ಕಾಣುವಲ್ಲಿ ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ಹಾಗೇ ಫೋನಿನಿಂದ ಕಣ್ಣೆತ್ತದೆ, "ಹಂಗಾದ್ರೆ ನನ್ನ ಕಾಲೂ ಅಲ್ಲ" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ತಂದಾಗಿಂದ ನಡುಗ್ತಿತ್ತು ಕಣೆ. ನನಗೇ ಲೋಡ್ ಗಾಡಿ ಓಡಿಸೋಕೆ ಬರಲ್ಲ ಅನ್ಕಂಡಿದ್ದೆ. ಅದಕ್ಕೇ ರೇಸ್ ಕೊಟ್ಟು ಒಂದೇ ಸಲಕ್ಕೆ ಬಿಡ್ತಿದ್ದಿದ್ದು, ಯಾರಿಗೂ ಗೊತ್ತಾಗಬಾರ್ದು ಅಂತ."

ನನ್ನ ಗೆಲುವು ಅಲ್ಲೇ ತಣ್ಣಗಾಯಿತು. ನನ್ನ ಕಾಲಿಗೆ ಅವರು ಹೊರಿಸಿದ ತಪ್ಪು ಅವರು ತಮ್ಮ ಕಾಲಿಗೆ ಮೊದಲೇ ಹೊರಿಸಿಕೊಂಡದ್ದಾಗಿತ್ತು. ನಾನಾದರೆ ನನ್ನ ಕಾಲಲ್ಲವೆಂದು ತೋರಿಸಲು ಗಾಡಿಯ ಅಡಿಗೇ ಫೋನ್ ಕಟ್ಟಿದೆ. ಅವರು ಬಿದ್ದು, ಓಡಿಸುವುದೇ ನಿಂತ ಮೇಲೂ, ಅದನ್ನು ಒಳಗೇ ಇಟ್ಟುಕೊಂಡಿದ್ದರು. ಪಾಪ ಅನ್ನಿಸಿತು. ಅತ್ತೆ ಮಾತ್ರ, "ನಾನು ಆವತ್ತೇ ಹೇಳ್ಲಿಲ್ವಾ, ಮೀನಿನ ಗಾಡಿ ಅಂತ" ಎಂದು ಎದ್ದು ಒಳಗೆ ಹೋದರು.

ವಿಡಿಯೊ ನೋಡಿದ ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಸೆಂಟರ್ ಬೇರಿಂಗ್! ಖಾಲಿ ಇದ್ದಾಗ ಇದು ಮಲ್ಕೊಂಡಿರ್ತದೆ ಅಕ್ಕ. ಲೋಡ್ ಬಿದ್ರೆ ಗಾಡಿ ಹಿಂದೆ ತಗ್ಗಾಗ್ತದೆ, ಶಾಫ್ಟಿನ ಓರೆ ಬದಲಾಗ್ತದೆ, ಎಳೆಯುವಾಗ ಎದ್ದು ಕುಣೀತದೆ. ನಾನು ಲೋಡಲ್ಲಿ ನೋಡಬೇಕಿತ್ತು" ಎಂದು, ಹೊಸದು ತರಿಸಿ ಹಾಕಿಕೊಟ್ಟ. ಹಳೆಯದನ್ನು ನಾನು ಕೇಳಿ ಮನೆಗೆ ತಂದೆ. ಹರಿದ ಬಾಯಿಯನ್ನು ಅಗಲಿಸಿ ಅಗಲಿಸಿ ನೋಡಿದೆ. ಇಷ್ಟೇ ಇಷ್ಟು ರಬ್ಬರ್ ಅಷ್ಟು ದೊಡ್ಡ ಗಾಡಿಯನ್ನು ಹೇಗೆ ನಡುಗಿಸಿತು ಎಂಬ ಬೆರಗು ಇನ್ನೂ ಪೂರ್ತಿ ಹೋಗಿಲ್ಲ.

ಮುಂದಿನ ಶನಿವಾರ ಶುಂಠಿ ತುಂಬಿ ಹೊರಟೆವು. ಮೋರಿಯ ಈಚೆಗೆ, ಮೂಟೆಗಳಿಗೆ ಕಟ್ಟಿದ ಹಗ್ಗ ಸಡಿಲವಾಗಿದೆಯೆಂದು ನಿಲ್ಲಿಸಿದಾಗ ನನ್ನ ಗಂಡನಿಗೆ ಫೋನ್ ಬಂತು. ಡ್ರೈವರ್ ಬೇಕೆಂದು ಅವರು ಹೇಳಿಟ್ಟಿದ್ದ ಯಾರೋ ಇರಬೇಕು.

"ಬೇಡ ಕಣಯ್ಯ" ಎಂದರು ಇವರು. "ಡ್ರೈವರ್ ಇದಾರೆ."

ಇದಾಳೆ ಅಲ್ಲ, ಇದಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನನ್ನು ಅವರು ಬಹುವಚನದಲ್ಲಿ ಹೇಳಿದ್ದು ಅದೇ ಮೊದಲು. ನಾನು ಕೇಳಿಸದವಳಂತೆ ಹಗ್ಗ ಬಿಗಿದು ಬಂದು ಕೂತೆ.

ಮೋರಿ ದಾಟಿ, ದಿಣ್ಣೆಯ ಬುಡದಲ್ಲಿ ಬೇಕೆಂದೇ ನಿಲ್ಲಿಸಿ, ಫಸ್ಟ್ ಗೇರ್ ಹಾಕಿದೆ. ಪಕ್ಕದಲ್ಲಿ ನೋವಿನ ಕಾಲು ಮ್ಯಾಟನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

"ರೇಸ್ ಕೊಡಬೇಡಿ" ಎಂದೆ. "ಮೆಲ್ಲಗೆ ಬಿಡಿ, ನನ್ನ ಜೊತೆಗೆ."

ಅವರು ನನ್ನ ಕಾಲು ನೋಡಿದರು. ನಾನು ಸ್ವಲ್ಪ ಬಿಟ್ಟೆ, ಅವರೂ ಸ್ವಲ್ಪ ಬಿಟ್ಟರು. ಗಾಡಿ ನಡುಗದೆ ದಿಣ್ಣೆ ಹತ್ತಿತು.